ಡಿಸ್ಕ್ ಸತ್ತಿದೆ ಅನ್ನುವ ಮೊದಲು ವೈರ್ ಬಿಚ್ಚಿ ನೋಡಿ: ಮನೆಯಲ್ಲೇ ಕಟ್ಟಿದ ಫೈಲ್ ಸರ್ವರ್ ಕೈಕೊಟ್ಟಾಗ

ಕಾಕಾನದು ಬಾಗಲಕೋಟೆ ನವನಗರದಲ್ಲಿ ಮದುವೆ ಫೋಟೋ, ವಿಡಿಯೋ ತೆಗೆಯುವ ಕೆಲಸ. ಹದಿನೈದು ವರ್ಷದ ಮದುವೆ, ಕುಬಸ, ಜವಳ ಎಲ್ಲ ಒಂದು ಡ್ರಾವರ್ ತುಂಬ ಇದ್ದ ಎಕ್ಸ್‌ಟರ್ನಲ್ ಡಿಸ್ಕ್‌ಗಳಲ್ಲಿ ಬಿದ್ದಿದ್ದವು. ಎಲ್ಲ ಒಂದೇ ಕಡೆ ಇರಲಿ ಅಂತ ನಾನು ಒಂದು ಹಳೇ ಆಫೀಸ್ ಕಂಪ್ಯೂಟರಿಗೆ 4 ಟಿಬಿಯ ನಾಲ್ಕು ಡಿಸ್ಕ್ ಹಾಕಿ, ಲಿನಕ್ಸ್ ಮೇಲೆ ಓಡುವ ಓಪನ್‌ಮೀಡಿಯಾವಾಲ್ಟ್ ಅನ್ನುವ ಫೈಲ್ ಸರ್ವರ್ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡಿ, ರೇಡ್ 5 ಕಟ್ಟಿಕೊಟ್ಟೆ, ಅಂದರೆ ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವ ಹಾಗೆ ನಾಲ್ಕನ್ನೂ ಸೇರಿಸಿದೆ. ಮೂರನೇ ದಿನ ಫೋನ್ ಬಂತು. “ತಮ್ಮಾ, ಒಂದ್ ಡಿಸ್ಕ್ ಹೋಗೇತಂತ ತೋರಸಾಕತ್ತೈತಿ ನೋಡೋ.”

ಹೊಸ ಡಿಸ್ಕ್ ತಂದು ಹಾಕಿದೆ. ಎರಡು ದಿನಕ್ಕೆ ಅದೂ ಹೋಯಿತು. ಎರಡನ್ನೂ ಹಿಡಿದುಕೊಂಡು ಅಂಗಡಿಗೆ ಹೋಗಿ ಜಗಳ ತೆಗೆದೆ. ಅವರು ತಣ್ಣಗೆ ತಮ್ಮ ಕಂಪ್ಯೂಟರಿಗೆ ಹಚ್ಚಿ ತೋರಿಸಿದರು, ಎರಡೂ ಚೆನ್ನಾಗೇ ಇದ್ದವು. ಕೆಟ್ಟಿದ್ದು ನಾನೇ ಹಾಕಿದ್ದ ಒಂದು ಪವರ್ ಸ್ಪ್ಲಿಟರ್, ಒಂದೇ ಪವರ್ ಲೈನನ್ನು ಹಲವು ಡಿಸ್ಕಿಗೆ ಹಂಚುವ ವೈರ್. ನೂರಿನ್ನೂರು ರೂಪಾಯಿಯ ಮಾಲು.

ಹೊಸದಾಗಿ ಕಟ್ಟಿದ ಸರ್ವರ್‌ನಲ್ಲಿ ಡಿಸ್ಕ್ ಎರರ್ ಬಂದರೆ ಮೊದಲು ವೈರ್, ಆಮೇಲೆ ಪವರ್, ಆಮೇಲೆ ಪೋರ್ಟ್, ಎಲ್ಲಕ್ಕಿಂತ ಕೊನೆಗೆ ಡಿಸ್ಕ್ ಮೇಲೆ ಅನುಮಾನ ಪಡಿ ಅಂತ ನಾನು ಹೇಳುವುದು ಅದಕ್ಕೇ. ಕೆಳಗೆ ಅದೇ ಕ್ರಮದಲ್ಲಿ ಬರೆದಿದ್ದೇನೆ. ಕಮಾಂಡ್‌ಗಳ ಹೆಸರನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಕೊಟ್ಟಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ ಬಳಸಿ.

ಮೊದಲು ಕೈ ಕಟ್ಟಿ ಕೂತುಕೊಳ್ಳಿ

ಎರರ್ ಕಂಡ ತಕ್ಷಣ ಏನಾದರೂ ಒತ್ತಬೇಕು ಅನಿಸುತ್ತದೆ. ಒತ್ತಬೇಡಿ. ಫಾರ್ಮ್ಯಾಟ್ ಬೇಡ, ಫೈಲ್ ಸಿಸ್ಟಂ ರಿಪೇರಿ ಮಾಡುವ ಎಫ್‌ಎಸ್‌ಸಿಕೆ ಕಮಾಂಡ್ ಬೇಡ, ರೇಡ್ ಅನ್ನು ಹೊಸದಾಗಿ ಕ್ರಿಯೇಟ್ ಮಾಡುವುದಂತೂ ಬೇಡವೇ ಬೇಡ. ಡೇಟಾ ಹೋಗುವುದು ಡಿಸ್ಕ್ ಕೆಟ್ಟಿದ್ದಕ್ಕಿಂತ ಜಾಸ್ತಿ ನಾವು ಗಾಬರಿಯಲ್ಲಿ ಮಾಡುವ ಈ ಕೆಲಸಗಳಿಂದಲೇ ಅಂತ ನನಗೆ ಅನಿಸಿದೆ. ಇನ್ನೊಂದು, ಡಿಸ್ಕ್ ಬಿಚ್ಚಿ ವಿಂಡೋಸ್ ಲ್ಯಾಪ್‌ಟಾಪಿಗೆ ಹಚ್ಚಿದರೆ “ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?” ಅಂತ ಕೇಳುತ್ತದೆ. ಡಿಸ್ಕ್ ಕೆಟ್ಟಿದೆ ಅಂತ ಅಲ್ಲ, ಲಿನಕ್ಸ್ ಬರೆದ ಡಿಸ್ಕನ್ನು ಓದಲು ವಿಂಡೋಸ್‌ಗೆ ಬರುವುದಿಲ್ಲ, ಅಷ್ಟೇ. ಕ್ಯಾನ್ಸಲ್ ಒತ್ತಿ ಹೊರಗೆ ಬನ್ನಿ.

ಈಗ ಪೆನ್ನು, ಪೇಪರ್ ತಗೊಳ್ಳಿ. ಎರರ್ ಬಂದ ಸ್ಕ್ರೀನಿನ ಫೋಟೋ ಹೊಡೆಯಿರಿ. ಯಾವ ಡಿಸ್ಕಿನ ಸೀರಿಯಲ್ ನಂಬರ್ ಏನು, ಅದು ಯಾವ ಪೋರ್ಟಿಗೆ ಹೋಗಿದೆ ಬರೆದುಕೊಳ್ಳಿ. ಲಿನಕ್ಸ್ ಕೊಡುವ ಎಸ್‌ಡಿಎ, ಎಸ್‌ಡಿಬಿ ಅನ್ನುವ ಹೆಸರುಗಳನ್ನು ನಂಬಬೇಡಿ. ಇವತ್ತು ಎಸ್‌ಡಿಬಿ ಆಗಿದ್ದ ಡಿಸ್ಕ್ ನಾಳೆ ರೀಸ್ಟಾರ್ಟ್ ಆದ ಮೇಲೆ ಎಸ್‌ಡಿಸಿ ಆಗಿರಬಹುದು. ಸೀರಿಯಲ್ ನಂಬರ್ ಮಾತ್ರ ಬದಲಾಗುವುದಿಲ್ಲ. ನಾನು ಈಗ ಅದರ ಕೊನೆಯ ನಾಲ್ಕು ಅಕ್ಷರವನ್ನು ಬಿಳಿ ಟೇಪ್ ಮೇಲೆ ಬರೆದು, ಡಿಸ್ಕಿನ ಹೊರಗೆ ಕಾಣುವ ಕಡೆ ಅಂಟಿಸುತ್ತೇನೆ. ಕೆಟ್ಟ ಡಿಸ್ಕ್ ಬಿಟ್ಟು ಒಳ್ಳೇ ಡಿಸ್ಕ್ ಕಿತ್ತವರ ಸಂಕಟ ನಿಮಗೆ ಬೇಡ.

ಬಯೋಸ್‌ನಲ್ಲೇ ಕಾಣದಿದ್ದರೆ

ಮದರ್‌ಬೋರ್ಡಿಗೆ ನೇರವಾಗಿ ಹಚ್ಚಿದ ಡಿಸ್ಕ್ ಬಯೋಸ್ (ಕಂಪ್ಯೂಟರ್ ಆನ್ ಆದ ಕೂಡಲೇ ಓಡುವ ಮದರ್‌ಬೋರ್ಡಿನ ಸ್ವಂತ ಪ್ರೋಗ್ರಾಂ) ಪಟ್ಟಿಯಲ್ಲೇ ಇಲ್ಲ ಅಂದರೆ ಓಪನ್‌ಮೀಡಿಯಾವಾಲ್ಟ್ ಜೊತೆ ಗುದ್ದಾಡಿ ಉಪಯೋಗವಿಲ್ಲ. ತೊಂದರೆ ಅದಕ್ಕಿಂತ ಕೆಳಗಿದೆ. ಬೇರೆ ಸಾಟಾ ಕಾರ್ಡ್ (ಡಿಸ್ಕ್ ಹಚ್ಚುವ ಪೋರ್ಟ್‌ಗಳಿರುವ ಕಾರ್ಡ್) ಹಾಕಿ ಅದಕ್ಕೆ ಹಚ್ಚಿದ್ದರೆ ಮಾತ್ರ ಬಯೋಸ್‌ನಲ್ಲಿ ಕಾಣದೆಯೂ ಲಿನಕ್ಸ್‌ನಲ್ಲಿ ಕಾಣಬಹುದು.

ಡಿಸ್ಕ್ ಮೇಲೆ ಬೆರಳಿಟ್ಟು ಕಂಪ್ಯೂಟರ್ ಆನ್ ಮಾಡಿ. ಒಳಗೆ ತಿರುಗುವುದು ಬೆರಳಿಗೇ ಗೊತ್ತಾಗುತ್ತದೆ. ತಿರುಗುತ್ತಿಲ್ಲ ಅಂದರೆ ಕರೆಂಟೇ ತಲುಪಿಲ್ಲ ಅಂತ ಲೆಕ್ಕ, ಬೇರೆ ಪವರ್ ವೈರ್ ಹಾಕಿ ನೋಡಿ. ಎಕ್ಸ್‌ಟರ್ನಲ್ ಡಿಸ್ಕಿನ ಪೆಟ್ಟಿಗೆ ಒಡೆದು ಒಳಗಿನ ಡಿಸ್ಕ್ ತೆಗೆದು ಹಾಕಿದ್ದೀರಾ? ಹಾಗಿದ್ದರೆ ಇನ್ನೊಂದು ವಿಚಿತ್ರ ಇದೆ. ಅಂಥ ಕೆಲವು ಡಿಸ್ಕ್‌ಗಳಲ್ಲಿ ಪವರ್ ಕನೆಕ್ಟರಿನ ಮೂರನೇ ಪಿನ್ನಿಗೆ 3.3 ವೋಲ್ಟ್ ಬಂದರೆ “ಮಲಗು” ಅಂತ ಅರ್ಥ. ನಿಮ್ಮ ಪವರ್ ಸಪ್ಲೈ ಆ 3.3 ವೋಲ್ಟ್ ಕೊಡುತ್ತಿದ್ದರೆ ಡಿಸ್ಕ್ ಏಳುವುದೇ ಇಲ್ಲ. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಸಿಗುವ ಹಳದಿ ಬಣ್ಣದ ಕ್ಯಾಪ್ಟಾನ್ ಟೇಪ್ ತಂದು, ಡಿಸ್ಕಿನ ಪವರ್ ಕಡೆಯ ಮೊದಲ ಮೂರು ಪಿನ್ನುಗಳನ್ನು ಮುಚ್ಚಿದರೆ ಎದ್ದು ಕೂರುತ್ತದೆ.

ತಿರುಗುತ್ತಿದೆ, ಆದರೂ ಬಯೋಸ್‌ನಲ್ಲಿ ಕಾಣುತ್ತಿಲ್ಲ ಅಂದರೆ ಡೇಟಾ ಕೇಬಲ್ ಇಲ್ಲವೇ ಪೋರ್ಟ್. ಇಲ್ಲಿ ಬಹಳ ಜನ ಮೋಸ ಹೋಗುವ ಜಾಗ ಒಂದಿದೆ. ಎಷ್ಟೋ ಮದರ್‌ಬೋರ್ಡ್‌ಗಳಲ್ಲಿ ಎಂ.2 ಎಸ್‌ಎಸ್‌ಡಿ (ವೈರ್ ಇಲ್ಲದೆ ಮದರ್‌ಬೋರ್ಡಿಗೇ ಕೂರುವ ಸಣ್ಣ ಪಟ್ಟಿಯಂಥದ್ದು) ಹಾಕಿದ ಕೂಡಲೇ ಒಂದೆರಡು ಸಾಟಾ ಪೋರ್ಟ್ ತಾನಾಗೇ ಬಂದ್ ಆಗುತ್ತವೆ, ಎರಡಕ್ಕೂ ಒಳಗಿನ ದಾರಿ ಒಂದೇ ಆಗಿರುವುದರಿಂದ. ಯಾವ ಎಂ.2ಗೆ ಯಾವ ಪೋರ್ಟ್ ಅಂತ ಮದರ್‌ಬೋರ್ಡ್ ಮ್ಯಾನ್ಯುಯಲ್‌ನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಹುಡುಕಿ ಓದಿ. ಹಾಗೆಯೇ ಬಯೋಸ್‌ನಲ್ಲಿ ಸಾಟಾ ಮೋಡ್ “ರೇಡ್” ಅಂತ ಇದ್ದರೆ “ಎಎಚ್‌ಸಿಐ” ಮಾಡಿ. ಹಳೇ ಆಫೀಸ್ ಕಂಪ್ಯೂಟರುಗಳಲ್ಲಿ ಇದನ್ನು ಸುಮಾರು ಸಲ ನೋಡಿದ್ದೇನೆ.

ಕಾಣುತ್ತದೆ, ಸ್ವಲ್ಪ ಹೊತ್ತಿಗೆ ಮಾಯವಾಗುತ್ತದೆ

ಕಾಕಾನ ಸರ್ವರ್ ಕಥೆ ಇದೇ. ಸುಮ್ನೆ ಕೂತಿದ್ದಾಗ ಎಲ್ಲ ಸರಿ. ದೊಡ್ಡ ಫೈಲ್ ಕಾಪಿ ಹಾಕಿದರೆ ಅರ್ಧ ಗಂಟೆಗೆ ಒಂದು ಡಿಸ್ಕ್ ಕಾಣೆ.

ಇಲ್ಲಿ ಡಿಮೆಸ್ಜ್ ಅನ್ನುವ ಕಮಾಂಡ್ ನಿಮ್ಮ ಸ್ನೇಹಿತ. ಲಿನಕ್ಸ್ ಕರ್ನಲ್ ತನ್ನ ಗೋಳನ್ನೆಲ್ಲ ಅಲ್ಲಿ ತೋಡಿಕೊಂಡಿರುತ್ತದೆ. “ಹಾರ್ಡ್ ರೀಸೆಟಿಂಗ್ ಲಿಂಕ್” ಅಂತ ಮತ್ತೆ ಮತ್ತೆ ಬರುತ್ತಿದ್ದರೆ, ಅಥವಾ 6 ಜಿಬಿಪಿಎಸ್ ಇದ್ದ ವೇಗ 3ಕ್ಕೆ, ಆಮೇಲೆ 1.5ಕ್ಕೆ ಇಳಿಯುತ್ತಿದ್ದರೆ, ಡಿಸ್ಕಿಗೂ ಮದರ್‌ಬೋರ್ಡಿಗೂ ಮಾತು ಸರಿಯಾಗಿ ಕೇಳುತ್ತಿಲ್ಲ. ನಡುವೆ ಇರುವುದೆಂದರೆ ವೈರ್.

ಸಾಟಾ ಕೇಬಲ್ ಅನ್ನು ಎರಡೂ ತುದಿಯಲ್ಲಿ ಬಿಚ್ಚಿ ಟಕ್ ಅನ್ನುವವರೆಗೆ ಒತ್ತಿ. ಲಾಕ್ ಇರುವ ಕೇಬಲ್ ತಗೊಳ್ಳಿ, ಹತ್ತಿಪ್ಪತ್ತು ರೂಪಾಯಿ ಜಾಸ್ತಿ ಆದರೂ ಆಗಲಿ. ಆಮೇಲೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ತೊಂದರೆ ಕೊಡುವ ಡಿಸ್ಕನ್ನು ಚೆನ್ನಾಗಿರುವ ಡಿಸ್ಕಿನ ಕೇಬಲ್, ಪವರ್ ಎರಡಕ್ಕೂ ಹಚ್ಚಿ, ಚೆನ್ನಾಗಿರುವುದನ್ನು ಇದರ ಜಾಗಕ್ಕೆ ತನ್ನಿ. ಇದನ್ನು ಸರ್ವರ್ ಪೂರ್ತಿ ಆಫ್ ಮಾಡಿಯೇ ಮಾಡಿ, ರೇಡ್‌ಗೆ ಡಿಸ್ಕ್ ಯಾವ ಪೋರ್ಟಿನಲ್ಲಿದ್ದರೂ ಚಿಂತೆಯಿಲ್ಲ, ತನ್ನವರನ್ನು ಅದು ಗುರುತು ಹಿಡಿಯುತ್ತದೆ. ಈಗ ಎರರ್ ಯಾರ ಹಿಂದೆ ಹೋಯಿತು? ಡಿಸ್ಕಿನ ಹಿಂದೆ ಹೋದರೆ ಡಿಸ್ಕ್. ಜಾಗ ಬಿಟ್ಟು ಕದಲದಿದ್ದರೆ ಕೇಬಲ್, ಪವರ್ ಅಥವಾ ಪೋರ್ಟ್. ನಾನು ಇದೊಂದನ್ನು ಮೊದಲೇ ಮಾಡಿದ್ದರೆ ಅಂಗಡಿಯವರ ಮುಂದೆ ಮುಖ ಸಣ್ಣ ಮಾಡಿಕೊಳ್ಳುವುದು ತಪ್ಪುತ್ತಿತ್ತು.

ಪವರ್ ಬಗ್ಗೆ ಸ್ವಲ್ಪ ಲೆಕ್ಕ. ಮೂರೂವರೆ ಇಂಚಿನ ಡಿಸ್ಕ್ ಒಂದು ತಿರುಗಲು ಶುರು ಮಾಡುವಾಗ 12 ವೋಲ್ಟ್ ಲೈನಿನಲ್ಲಿ ಹತ್ತಿರ ಹತ್ತಿರ 2 ಆಂಪಿಯರ್ ಎಳೆಯುತ್ತದೆ. ನಾಲ್ಕು ಒಟ್ಟಿಗೆ ಎದ್ದರೆ 8 ಆಂಪಿಯರ್, ಅಂದರೆ 96 ವಾಟ್, ಬರೀ ಡಿಸ್ಕಿಗೆ. ಆಫೀಸ್ ಕಂಪ್ಯೂಟರಿನ ಸಣ್ಣ ಪವರ್ ಸಪ್ಲೈ ಒಂದೆರಡು ಡಿಸ್ಕ್ ನೋಡಿಕೊಂಡು ಮಾಡಿದ್ದು. ಅದರ ಒಂದೇ ವೈರಿಗೆ ಸ್ಪ್ಲಿಟರ್ ಹಾಕಿ ನಾಲ್ಕು ಡಿಸ್ಕ್ ನೇತುಹಾಕಿದರೆ ತುದಿಯಲ್ಲಿರುವುದಕ್ಕೆ ವೋಲ್ಟೇಜ್ ಕುಸಿಯುತ್ತದೆ. ಓಣಿಯ ಕೊನೆ ಮನೆಗೆ ನಳದ ನೀರು ಹನಿ ಹನಿ ಬಂದ ಹಾಗೆ. ಕಾಕಾನಲ್ಲಿ ಸಾಯುತ್ತಿದ್ದದ್ದು ಯಾವಾಗಲೂ ಆ ನಾಲ್ಕನೇ ಜಾಗದ್ದೇ.

ದೊಡ್ಡ ನಾಲ್ಕು ಪಿನ್ನಿನ ಮೋಲೆಕ್ಸ್‌ನಿಂದ ಸಾಟಾಗೆ ಬದಲಿಸುವ ಅಡಾಪ್ಟರ್ ಬಗ್ಗೆಯೂ ಎಚ್ಚರ. ಪ್ಲಾಸ್ಟಿಕ್ ಎರಕ ಹೊಯ್ದು ಮುಚ್ಚಿದ ಥರದವು ಒಳಗೊಳಗೇ ಶಾರ್ಟ್ ಆಗಿ ಸುಟ್ಟ ಉದಾಹರಣೆಗಳಿವೆ. ಅನಿವಾರ್ಯ ಆದರೆ ವೈರನ್ನು ಒತ್ತಿ ಕೂರಿಸಿದ, ಹಿಂದೆ ಬಿಚ್ಚುವ ಮುಚ್ಚಳ ಇರುವ ಥರದ್ದು ತಗೊಳ್ಳಿ. ಸಾಟಾ ಕನೆಕ್ಟರ್ ಜಾಸ್ತಿ ಇರುವ ಒಳ್ಳೇ ಪವರ್ ಸಪ್ಲೈ ಹಾಕುವುದೇ ನೆಟ್ಟಗಿನ ದಾರಿ.

ಯುಎಸ್‌ಬಿ ಡಬ್ಬಿಗಳಲ್ಲಿ ಡಿಸ್ಕ್ ಇಟ್ಟು ರೇಡ್ ಮಾಡಿದ್ದರೆ? ಮಾಡಬೇಡಿ. ಯುಎಸ್‌ಬಿ ಒಂದು ಸೆಕೆಂಡ್ ಕಣ್ಣು ಮಿಟುಕಿಸಿದರೂ ರೇಡ್ ಡಿಸ್ಕನ್ನು ಹೊರಗೆ ಹಾಕುತ್ತದೆ.

ಕರೆಂಟು, ಇನ್ವರ್ಟರು, ಬಿಸಿಲು

ನಮ್ಮ ಕಡೆ ಮನೆ ಇನ್ವರ್ಟರಿಗೇ ಸರ್ವರ್ ಹಚ್ಚಿಬಿಡುವುದು ರೂಢಿ. ಹಚ್ಚಿ, ಆದರೆ ಇನ್ವರ್ಟರ್ ಮೇಲೆ ಯುಪಿಎಸ್ ಮೋಡ್ ಅನ್ನುವ ಸ್ವಿಚ್ ಇದೆಯಾ ನೋಡಿ, ಅದನ್ನು ಆನ್ ಮಾಡಿ. ಮಾಮೂಲಿ ಮೋಡ್‌ನಲ್ಲಿ ಕರೆಂಟ್ ಹೋದಾಗ ಬ್ಯಾಟರಿಗೆ ಬದಲಾಗಲು ತುಸು ಹೊತ್ತು ಹಿಡಿಯುತ್ತದೆ. ಫ್ಯಾನಿಗೆ ಅದು ಗೊತ್ತೇ ಆಗುವುದಿಲ್ಲ, ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್ ಆಗುತ್ತದೆ. ಬರೆಯುತ್ತಿದ್ದಾಗ ಹೀಗಾದರೆ ಮುಂದಿನ ಸಲ ರೇಡ್ ಎಲ್ಲವನ್ನೂ ಮತ್ತೆ ತಾಳೆ ನೋಡುತ್ತ ಗಂಟೆಗಟ್ಟಲೆ ಕೂರುತ್ತದೆ. ಸ್ಕ್ವೇರ್ ವೇವ್ ಇನ್ವರ್ಟರ್ ಇದ್ದರೆ ಕೆಲವು ಪವರ್ ಸಪ್ಲೈಗಳು ಒಪ್ಪುವುದೇ ಇಲ್ಲ. ಯುಎಸ್‌ಬಿ ಪೋರ್ಟ್ ಇರುವ ಸಣ್ಣ ಯುಪಿಎಸ್ ನಡುವೆ ಇಟ್ಟರೆ, ಬ್ಯಾಟರಿ ಮುಗಿಯುವ ಮೊದಲು ಸರ್ವರ್ ತಾನೇ ಮಲಗುವ ಹಾಗೆ ಮಾಡಬಹುದು. ನೆಟ್‌ವರ್ಕ್ ಯುಪಿಎಸ್ ಟೂಲ್ಸ್ ಅಂತ ಪ್ಲಗಿನ್ ಓಪನ್‌ಮೀಡಿಯಾವಾಲ್ಟ್‌ನಲ್ಲೇ ಇದೆ. ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಅಂದರೆ ಅರ್ಥಿಂಗ್ ಸರಿ ಇಲ್ಲ, ಮೊದಲು ಎಲೆಕ್ಟ್ರಿಷಿಯನ್ ಕರೆಸಿ.

ಬಿಸಿಲು ನಿಮಗೆ ಗೊತ್ತೇ ಇದೆ. ಏಪ್ರಿಲ್, ಮೇನಲ್ಲಿ ಇಲ್ಲಿ 40 ಡಿಗ್ರಿ ಮುಟ್ಟುವುದು ಹೊಸ ಸುದ್ದಿಯಲ್ಲ. ಕಾಕಾ ಸರ್ವರನ್ನು ಇಟ್ಟಿದ್ದು ಆರ್‌ಸಿಸಿ ಸ್ಲ್ಯಾಬಿನ ಕೆಳಗಿನ ಅಟ್ಟದ ಮೇಲೆ, ಮಧ್ಯಾಹ್ನ ಮೂರಕ್ಕೆ ಡಿಸ್ಕ್ 56 ಡಿಗ್ರಿ ತೋರಿಸುತ್ತಿತ್ತು. ಎಷ್ಟೋ ಡಿಸ್ಕ್‌ಗಳ ಗರಿಷ್ಠ ಮಿತಿಯೇ 60ರ ಆಸುಪಾಸು. 45ರ ಒಳಗೆ ಇದ್ದರೆ ನನಗೆ ನಿದ್ದೆ ಬರುತ್ತದೆ. ಕೆಳಗೆ ಇಳಿಸಿ, ಡಿಸ್ಕ್‌ಗಳ ಮುಂದೆ ಒಂದು 120 ಎಂಎಂ ಫ್ಯಾನ್ ಹಾಕಿದ್ದಕ್ಕೆ ಹತ್ತು ಡಿಗ್ರಿ ಇಳಿಯಿತು. ಡಿಸ್ಕ್‌ಗಳನ್ನು ಒಂದರ ಮೈಗೆ ಒಂದು ಅಂಟಿಸಿ ಇಡಬೇಡಿ. ಧೂಳಿಗೆ ತಿಂಗಳಿಗೊಮ್ಮೆ ಬ್ರಷ್.

ಡಿಸ್ಕಿನ ಜಾತಕ ಓದುವುದು

ಡಿಸ್ಕ್ ತನ್ನ ಆರೋಗ್ಯದ ಲೆಕ್ಕ ತಾನೇ ಇಟ್ಟುಕೊಂಡಿರುತ್ತದೆ. ಅದಕ್ಕೆ ಸ್ಮಾರ್ಟ್ ಅನ್ನುತ್ತಾರೆ. ಓಪನ್‌ಮೀಡಿಯಾವಾಲ್ಟ್‌ನ ಸ್ಟೋರೇಜ್ ಮೆನುವಿನಲ್ಲೇ ನೋಡಬಹುದು, ಇಲ್ಲವಾದರೆ ಸ್ಮಾರ್ಟ್‌ಸಿಟಿಎಲ್ ಅನ್ನುವ ಕಮಾಂಡ್ ಇದೆ. ಮೇಲ್ಗಡೆ “ಪಾಸ್ಡ್” ಅಂತ ಇದ್ದರೆ ಅದಕ್ಕೆ ಮರುಳಾಗಬೇಡಿ, ಡಿಸ್ಕ್ ಮುಕ್ಕಾಲು ಸತ್ತಿದ್ದರೂ ಎಷ್ಟೋ ಸಲ ಅದು ಪಾಸ್ ಅಂತಲೇ ಹೇಳುತ್ತದೆ. ಕೆಳಗಿನ ಸಾಲುಗಳಲ್ಲಿ ಕೊನೆಯ ಕಾಲಮ್, ರಾ ವ್ಯಾಲ್ಯೂ, ಅದನ್ನು ನೋಡಿ.

ನಂಬರ್ 199, ಸಿಆರ್‌ಸಿ ಎರರ್: ಇದು ಏರುತ್ತಿದ್ದರೆ ಸಾಮಾನ್ಯವಾಗಿ ಕೇಬಲ್ ದೋಷ, ಡಿಸ್ಕ್ ಅಲ್ಲ. ಒಮ್ಮೆ ಏರಿದ್ದು ಮತ್ತೆ ಸೊನ್ನೆಗೆ ಬರುವುದಿಲ್ಲ. ಹಾಗಾಗಿ ಇವತ್ತಿನ ಅಂಕಿ ಬರೆದಿಟ್ಟು, ಕೇಬಲ್ ಬದಲಿಸಿ, ವಾರ ಬಿಟ್ಟು ನೋಡಿ. ಅಲ್ಲೇ ನಿಂತಿದ್ದರೆ ಮುಗಿಯಿತು.

ನಂಬರ್ 5, 197, 198: ಇವು ನಿಜವಾದ ಕೇಡು. 5 ಅಂದರೆ ಕೆಟ್ಟ ಸೆಕ್ಟರ್ ಬದಲು ಬೇರೆ ಜಾಗ ಕೊಟ್ಟ ಲೆಕ್ಕ. 197 ಅಂದರೆ ಓದಲು ಆಗದೆ ಕಾಯುತ್ತಿರುವ ಸೆಕ್ಟರ್‌ಗಳು. 198 ಅಂದರೆ ಡಿಸ್ಕ್ ತಾನೇ ಪರೀಕ್ಷೆ ಮಾಡಿಕೊಂಡಾಗಲೂ ಓದಲಾಗದೆ ಉಳಿದವು. ಹೊಸ ಡಿಸ್ಕಿನಲ್ಲಿ ಮೂರೂ ಸೊನ್ನೆ ಇರಬೇಕು. ಒಂದೇ ಒಂದು ಇದ್ದರೂ ನಾನಾದರೆ ವಾಪಸ್ ಕೊಡುತ್ತೇನೆ. ಹಳೇ ಡಿಸ್ಕಿನಲ್ಲಿ ಎರಡು ಮೂರು ಇದ್ದು ವರ್ಷಗಟ್ಟಲೆ ಅಲ್ಲೇ ನಿಂತಿದ್ದರೆ ನಡೆಯುತ್ತದೆ, ವಾರ ವಾರ ಏರುತ್ತಿದ್ದರೆ ಕಾಲ ಮುಗಿದಿದೆ.

ನಂಬರ್ 9 ಎಷ್ಟು ಗಂಟೆ ಓಡಿದೆ ಅಂತ ಹೇಳುತ್ತದೆ. “ಹೊಸದು” ಅಂತ ಮಾರಿದ ಡಿಸ್ಕಿನಲ್ಲಿ ಇಪ್ಪತ್ತು ಸಾವಿರ ಗಂಟೆ ಇದ್ದರೆ ಏನು ಅಂತ ನಿಮಗೇ ಅರ್ಥ ಆಗುತ್ತದೆ ಅಲ್ವಾ. ಸೀಗೇಟ್ ಡಿಸ್ಕ್‌ಗಳಲ್ಲಿ ನಂಬರ್ 1 ಮತ್ತು 7ರ ಮುಂದೆ ಕೋಟಿಗಟ್ಟಲೆ ಅಂಕಿ ಕಂಡು ಎದೆ ಒಡೆದುಕೊಳ್ಳಬೇಡಿ. ಎರಡು ಲೆಕ್ಕ ಒಂದೇ ಅಂಕಿಯಲ್ಲಿ ಸೇರಿಸಿ ಬರೆಯುವ ಪದ್ಧತಿ ಅವರದು.

ಆಮೇಲೆ ಇದೇ ಸ್ಮಾರ್ಟ್‌ನಲ್ಲಿರುವ ಲಾಂಗ್ ಟೆಸ್ಟ್ ಹಾಕಿ. ಶಾರ್ಟ್ ಟೆಸ್ಟ್ ಎರಡು ನಿಮಿಷದ್ದು, ಅದರಿಂದ ಜಾಸ್ತಿ ಏನೂ ಗೊತ್ತಾಗುವುದಿಲ್ಲ. ಲಾಂಗ್ ಟೆಸ್ಟ್ ಇಡೀ ಡಿಸ್ಕ್ ಓದುತ್ತದೆ, 4 ಟಿಬಿಗೆ ಏಳೆಂಟು ಗಂಟೆ ಅಥವಾ ಇನ್ನೂ ಹೆಚ್ಚು. ರಾತ್ರಿ ಹಾಕಿ ಮಲಗಿ. ಬೆಳಿಗ್ಗೆ “ರೀಡ್ ಫೇಲ್ಯೂರ್” ಅಂತ ಇದ್ದರೆ ತೀರ್ಪು ಬಂದ ಹಾಗೆ.

ರೊಟ್ಟಿ ಬಡಿದ ಹಾಗೆ ಒಂದೇ ಲಯದಲ್ಲಿ ಟಕ್ ಟಕ್ ಸದ್ದು ಬಂದರೆ? ಪವರ್ ಕಡಿಮೆ ಆದರೂ ಇಂಥದೇ ಸದ್ದು ಬರುತ್ತದೆ, ಒಮ್ಮೆ ಒಳ್ಳೇ ಪವರಿಗೆ ಹಚ್ಚಿ ನೋಡಿ. ಆಗಲೂ ಟಕ್ ಟಕ್ ಅಂದರೆ ತಕ್ಷಣ ಆಫ್ ಮಾಡಿ. ಒಳಗೆ ಬೇಕಾದ ಡೇಟಾ ಇದ್ದರೆ ಇನ್ನು ನೀವು ಕೈ ಹಚ್ಚಬೇಡಿ.

ನಿಜವಾಗಿಯೂ ಡಿಸ್ಕೇ ಕೆಟ್ಟಿದ್ದರೆ

ರಿಪೇರಿ ಮೊದಲಲ್ಲ, ಕಾಪಿ ಮೊದಲು. ಡಿಡಿರೆಸ್ಕ್ಯೂ ಅನ್ನುವ ಉಚಿತ ಪ್ರೋಗ್ರಾಂ ಇದೆ. ಅದು ಸುಲಭವಾಗಿ ಓದಲು ಬರುವುದನ್ನೆಲ್ಲ ಮೊದಲು ಎತ್ತಿಕೊಂಡು, ಕಷ್ಟದ ಜಾಗಗಳಿಗೆ ಆಮೇಲೆ ವಾಪಸ್ ಬರುತ್ತದೆ. ಅದಕ್ಕೆ ಮ್ಯಾಪ್ ಫೈಲ್ ಕೊಡಲು ಮರೆಯಬೇಡಿ, ನಡುವೆ ಕರೆಂಟ್ ಹೋದರೂ ಬಿಟ್ಟ ಜಾಗದಿಂದಲೇ ಮುಂದುವರಿಯುತ್ತದೆ. ಎಫ್‌ಎಸ್‌ಸಿಕೆ ಓಡಿಸುವುದಾದರೆ ಆ ಕಾಪಿ ಮೇಲೆ, ಅದೂ ಮೌಂಟ್ ಆಗಿರದಾಗ, ಅಂದರೆ ಸಿಸ್ಟಂಗೆ ಬಳಕೆಗೆ ಜೋಡಿಸಿರದಾಗ.

ರೇಡ್ ಇದ್ದರೆ ಕೆಲಸ ಸುಲಭ. ರೇಡ್‌ನ ಸ್ಥಿತಿ ತೋರಿಸುವ ಎಂಡಿಸ್ಟಾಟ್ ಅನ್ನುವ ಫೈಲ್ ತೆರೆದು ನೋಡಿ. ನಾಲ್ಕು ಡಿಸ್ಕಿಗೆ ನಾಲ್ಕು ಯು ಅಕ್ಷರ ಇರಬೇಕು. ಮೂರು ಯು, ಒಂದು ಗೆರೆ ಇದ್ದರೆ ಒಂದು ಡಿಸ್ಕ್ ಹೊರಗಿದೆ, ಡೇಟಾ ಇನ್ನೂ ಕೈಗೆ ಸಿಗುತ್ತದೆ. ಮುಖ್ಯವಾದ್ದನ್ನು ಬೇರೆ ಕಡೆ ಕಾಪಿ ಮಾಡಿ, ಆಮೇಲೆ ಡಿಸ್ಕ್ ಬದಲಿಸಿ. ಕೇಬಲ್ ಕಾರಣಕ್ಕೆ ಹೊರಬಿದ್ದಿದ್ದ ಡಿಸ್ಕ್ ಆದರೆ ರೇಡ್ ನೋಡಿಕೊಳ್ಳುವ ಎಂಡಿಎಡಿಎಂ ಕಮಾಂಡಿನ ರೀ-ಆಡ್ ಕೊಟ್ಟು ಒಳಗೆ ಕರೆದುಕೊಳ್ಳಬಹುದು. ರೇಡ್ 5ರಲ್ಲಿ ಎರಡು ಡಿಸ್ಕ್ ಒಟ್ಟಿಗೆ ಬಿದ್ದಿದ್ದರೆ ಬಹುಶಃ ಎರಡಕ್ಕೂ ಹೋಗುವ ಒಂದೇ ಪವರ್ ವೈರ್ ಸಡಿಲ ಆಗಿದೆ, ಎರಡು ಡಿಸ್ಕ್ ಒಂದೇ ನಿಮಿಷಕ್ಕೆ ಸಾಯುವುದು ಬಲು ಅಪರೂಪ. ವೈರ್ ಸರಿ ಮಾಡಿ ಅದೇ ಕಮಾಂಡಿನ ಅಸೆಂಬಲ್ ಕೊಡಿ. ಕ್ರಿಯೇಟ್ ಮಾತ್ರ ಕೊಡಬೇಡಿ ಅಂತ ಇನ್ನೊಮ್ಮೆ ಹೇಳುತ್ತೇನೆ.

ಈ ರೇಡ್ ಬದಲು ಝಡ್‌ಎಫ್‌ಎಸ್ (ಡಿಸ್ಕ್‌ಗಳನ್ನು ತಾನೇ ಸೇರಿಸಿಕೊಳ್ಳುವ ಫೈಲ್ ಸಿಸ್ಟಂ) ಬಳಸುವವರಿಗೆ ಝಡ್‌ಪೂಲ್ ಸ್ಟೇಟಸ್‌ನಲ್ಲಿ ರೀಡ್, ರೈಟ್, ಚೆಕ್‌ಸಮ್ ಅಂತ ಮೂರು ಕಾಲಮ್ ಕಾಣುತ್ತವೆ. ಒಂದೇ ಡಿಸ್ಕಿನಲ್ಲಿ ಚೆಕ್‌ಸಮ್ ಎರರ್ ಇದ್ದರೆ ಆ ಡಿಸ್ಕ್ ಅಥವಾ ಅದರ ಕೇಬಲ್. ಎಲ್ಲ ಡಿಸ್ಕ್‌ಗಳಲ್ಲೂ ಸ್ವಲ್ಪ ಸ್ವಲ್ಪ ಇದ್ದರೆ ಡಿಸ್ಕ್‌ಗಳನ್ನು ಬಿಟ್ಟುಬಿಡಿ, ರ್ಯಾಮ್, ಪವರ್ ಸಪ್ಲೈ ಇಲ್ಲವೇ ಸಾಟಾ ಕಾರ್ಡ್ ನೋಡಿ. ಒಂದು ರಾತ್ರಿ ಮೆಮ್‌ಟೆಸ್ಟ್ ಓಡಿಸಿದರೆ ರ್ಯಾಮ್ ಸಂಗತಿ ಗೊತ್ತಾಗುತ್ತದೆ.

ಡಿಸ್ಕ್ ಚೆನ್ನಾಗಿದ್ದರೂ ರೇಡ್ ಕಟ್ಟುವಾಗ ಆಮೆ ಥರ ಆಗುತ್ತದಾ? ಎಸ್‌ಎಂಆರ್ ಡಿಸ್ಕ್ ಇರಬಹುದು. ಇವುಗಳಲ್ಲಿ ಟ್ರ್ಯಾಕ್‌ಗಳು ಹಂಚಿನ ಹಾಗೆ ಒಂದರ ಮೇಲೊಂದು ಕೂತಿರುತ್ತವೆ, ಒಂದು ಬದಲಿಸಲು ಅಕ್ಕಪಕ್ಕದ್ದನ್ನೂ ಮತ್ತೆ ಬರೆಯಬೇಕು. 2020ರಲ್ಲಿ ವೆಸ್ಟರ್ನ್ ಡಿಜಿಟಲ್‌ನ ಕೆಲವು ರೆಡ್ ಡಿಸ್ಕ್‌ಗಳು ಎಸ್‌ಎಂಆರ್ ಅಂತ ಗೊತ್ತಾಗಿ ದೊಡ್ಡ ಗಲಾಟೆ ಆಗಿತ್ತು, ಈಗ ರೆಡ್ ಪ್ಲಸ್ ಅಂತ ಸಿಎಂಆರ್ (ಟ್ರ್ಯಾಕ್ ಒಂದರ ಮೇಲೊಂದು ಕೂರದ ಮಾಮೂಲಿ ಥರ) ಇರುವುದನ್ನು ಬೇರೆ ಮಾರುತ್ತಾರೆ. ಕೊಳ್ಳುವ ಮೊದಲು ಮಾಡೆಲ್ ನಂಬರ್ ಹಾಕಿ ಸಿಎಂಆರ್ ಹೌದೋ ಅಲ್ಲವೋ ನೋಡಿ. ಡೆಸ್ಕ್‌ಟಾಪ್ ಡಿಸ್ಕ್‌ಗಳದ್ದು ಇನ್ನೊಂದು ಗುಣ: ಕೆಟ್ಟ ಸೆಕ್ಟರ್ ಸಿಕ್ಕರೆ ಹಠ ಹಿಡಿದು ಒಂದು ನಿಮಿಷಕ್ಕಿಂತ ಜಾಸ್ತಿ ಅದನ್ನೇ ಓದುತ್ತ ಕೂರಬಹುದು. ಲಿನಕ್ಸ್ ಕಾಯುವುದು 30 ಸೆಕೆಂಡ್, ಆಮೇಲೆ ಡಿಸ್ಕ್ ಉತ್ತರ ಕೊಡುತ್ತಿಲ್ಲ ಅಂದುಕೊಳ್ಳುತ್ತದೆ. ಸರ್ವರ್‌ಗೆ ಅಂತ ಮಾಡಿದ ಡಿಸ್ಕ್‌ಗಳು 7 ಸೆಕೆಂಡಿಗೆ ಕೈ ಚೆಲ್ಲುತ್ತವೆ, ಉಳಿದದ್ದನ್ನು ರೇಡ್ ನೋಡಿಕೊಳ್ಳುತ್ತದೆ.

ಡಿಸ್ಕ್ ತೊಂದರೆ ಅನಿಸುತ್ತದೆ, ಆದರೆ ಅಲ್ಲ

4 ಟಿಬಿ ಡಿಸ್ಕ್ 3.63 ಅಂತ ತೋರಿಸಿದರೆ ಯಾರೂ ಕದ್ದಿಲ್ಲ. ಕಂಪನಿ 1000ದ ಲೆಕ್ಕ ಹಿಡಿಯುತ್ತದೆ, ಕಂಪ್ಯೂಟರ್ 1024ರ ಲೆಕ್ಕ. 2 ಟಿಬಿ ಸುಮಾರಿಗೇ ನಿಂತುಬಿಟ್ಟರೆ ಎಂಬಿಆರ್ ಅನ್ನುವ ಹಳೇ ಪದ್ಧತಿಯಲ್ಲಿ ಪಾರ್ಟಿಷನ್ ಮಾಡಿದ್ದೀರಿ, ಹೊಸ ಪದ್ಧತಿಯಾದ ಜಿಪಿಟಿ ಮಾಡಿ. ಇಎಕ್ಸ್‌ಟಿ4 ಅನ್ನುವ ಲಿನಕ್ಸ್ ಫೈಲ್ ಸಿಸ್ಟಂನಲ್ಲಿ ಸಾಮಾನ್ಯವಾಗಿ 5 ಶೇಕಡಾ ಜಾಗ ರೂಟ್‌ಗೆ (ಸಿಸ್ಟಂನ ಯಜಮಾನ ಬಳಕೆದಾರನಿಗೆ) ಅಂತ ಕಾದಿಟ್ಟಿರುತ್ತದೆ, 4 ಟಿಬಿಗೆ ಅದೇ 200 ಜಿಬಿ. ಬರೀ ಫೈಲ್ ಇಡುವ ಡಿಸ್ಕಿಗೆ ಅಷ್ಟು ಬೇಕಿಲ್ಲ, ಟ್ಯೂನ್2ಎಫ್‌ಎಸ್‌ನಿಂದ 1ಕ್ಕೆ ಇಳಿಸಬಹುದು.

ಕಾಕಾನಲ್ಲಿ ಇನ್ನೊಂದು ತಮಾಷೆ ನಡೆಯಿತು. ಒಂದು ದಿನ ರೇಡ್ ಮೌಂಟೇ ಆಗಿರಲಿಲ್ಲ. ಆದರೆ ಅದರ ಫೋಲ್ಡರ್ ಹೆಸರು ಹಾಗೇ ಇತ್ತಲ್ಲ, ಕಾಪಿ ಮಾಡಿದ್ದೆಲ್ಲ ಸುಮ್ನೆ ಒಳಗಿನ ಸಣ್ಣ ಎಸ್‌ಎಸ್‌ಡಿಗೆ ಹೋಗಿ ಬಿತ್ತು. ಸಂಜೆಗೆ “ನೋ ಸ್ಪೇಸ್ ಲೆಫ್ಟ್”. ಡಿಸ್ಕ್ ಖಾಲಿ ಇದೆ, ಜಾಗ ಇಲ್ಲ ಅನ್ನುತ್ತದೆ, ಏನಿದು ಮಾಯೆ ಅಂತ ಇಬ್ಬರೂ ತಲೆ ಕೆಡಿಸಿಕೊಂಡೆವು. ಇಂಥದ್ದು ಆದರೆ ಡಿಎಫ್ ಕಮಾಂಡ್ ಕೊಟ್ಟು, ಯಾವ ಫೋಲ್ಡರ್ ನಿಜಕ್ಕೂ ಯಾವ ಡಿಸ್ಕ್ ಮೇಲೆ ಕೂತಿದೆ ನೋಡಿ. ಬರೆಯಲು ಬಿಡುತ್ತಿಲ್ಲ, ಓದಲು ಬಿಡುತ್ತದೆ ಅಂದರೆ ಫೈಲ್ ಸಿಸ್ಟಂ ತಪ್ಪು ಕಂಡು ತಾನೇ ರೀಡ್ ಓನ್ಲಿ ಆಗಿರಬಹುದು, ಡಿಮೆಸ್ಜ್‌ನಲ್ಲಿ ಕಾರಣ ಇರುತ್ತದೆ. ಒಬ್ಬರ ಲ್ಯಾಪ್‌ಟಾಪಿನಿಂದ ಆಗುತ್ತದೆ, ಇನ್ನೊಬ್ಬರದರಿಂದ ಆಗಲ್ಲ ಅಂದರೆ ಅದು ಪರ್ಮಿಷನ್, ಡಿಸ್ಕ್ ಅಲ್ಲ.

ಮತ್ತೆ ತುಂಬುವ ಮೊದಲು

ಎಲ್ಲ ಸರಿ ಮಾಡಿದ ಮೇಲೆ ಕೂಡಲೇ ಫೋಟೋ ಸುರಿಯಬೇಡಿ. ಖಾಲಿ ಡಿಸ್ಕಿಗೆ ಬ್ಯಾಡ್‌ಬ್ಲಾಕ್ಸ್ ಅನ್ನುವ ಕಮಾಂಡಿನಿಂದ ಬರೆದು ಓದುವ ಪರೀಕ್ಷೆ ಹಾಕಿ. ಎಚ್ಚರ, ಒಳಗಿದ್ದದ್ದೆಲ್ಲ ಅಳಿಸಿ ಹೋಗುತ್ತದೆ. ನಾಲ್ಕು ಸಲ ಬರೆದು ನಾಲ್ಕು ಸಲ ಓದುವುದರಿಂದ 4 ಟಿಬಿಗೆ ಎರಡು ಮೂರು ದಿನ ಹಿಡಿಯುತ್ತದೆ. ನಾಲ್ಕೂ ಡಿಸ್ಕಿಗೆ ಒಟ್ಟಿಗೆ ಹಾಕಿದರೆ ಪವರ್ ಸಪ್ಲೈ ಮತ್ತು ಬಿಸಿಯ ಪರೀಕ್ಷೆಯೂ ಅದರಲ್ಲೇ ಆಗುತ್ತದೆ. ಮುಗಿದ ಮೇಲೆ 5, 197, 198, 199 ಮತ್ತೊಮ್ಮೆ ನೋಡಿ, ಮೊದಲು ಬರೆದಿಟ್ಟ ಅಂಕಿಗಳ ಜೊತೆ ತಾಳೆ ಹಾಕಿ. ತಿಂಗಳಿಗೊಂದು ಲಾಂಗ್ ಟೆಸ್ಟ್ ತಾನಾಗೇ ನಡೆಯುವ ಹಾಗೆ, ಎರರ್ ಬಂದರೆ ಮೇಲ್ ಬರುವ ಹಾಗೆ ಇಟ್ಟುಬಿಡಿ.

ಕಾಕಾನದು ಹೊಸ ಪವರ್ ಸಪ್ಲೈ ಹಾಕಿದ ಮೇಲೆ ಮೂರು ದಿನ ಹೀಗೇ ಓಡಿತು, ನಾಲ್ಕೂ ಡಿಸ್ಕಿನಲ್ಲಿ ಸೊನ್ನೆ. ನಾನು “ಸತ್ತಿದೆ” ಅಂದಿದ್ದ ಮೊದಲ ಡಿಸ್ಕ್ ಈಗ ಆ ನಾಲ್ಕನೇ ಜಾಗದಲ್ಲೇ ಇದೆ, ಜಗಳ ಆಡಿ ತಂದ ಎರಡನೆಯದು ಬಿಡಿ ಡಿಸ್ಕಾಗಿ ಕಪಾಟಿನಲ್ಲಿದೆ. ಎಲ್ಲ ಕಾಪಿ ಆದ ಮೇಲೆ ಡ್ರಾವರಿನ ಹಳೇ ಡಿಸ್ಕ್‌ಗಳನ್ನು ಏನು ಮಾಡೋಣ ಅಂತ ಕೇಳಿದೆ. “ಅವು ಅಲ್ಲೇ ಇರ್ಲಿ ಬಿಡೋ ತಮ್ಮಾ, ಏನ್ ಹಿಟ್ಟು ಬೇಡ್ತಾವೇನು?” ಅಂದ. ನಾನೂ ಹ್ಞೂಂ ಅಂದು ಡ್ರಾವರ್ ಮುಚ್ಚಿದೆ.